ಮೇಜಿನ ಮೇಲಿನ ದಿಣ್ಣೆ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಅದರಲ್ಲಿ ಲೋಕಾನುಭವದ ಜೊತೆಗೆ ಭೌತವಿಜ್ಞಾನದ ಒಂದು ಪಾಠವೂ ಅಡಗಿದೆ. ಮನುಷ್ಯನ ಕಣ್ಣು ಎಷ್ಟೇ ಚುರುಕಾಗಿದ್ದರೂ ಒಂದು ಡಿಗ್ರಿಯ ಸುಮಾರು ಅರವತ್ತನೇ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ವಿವರಗಳನ್ನು ಬಿಡಿಬಿಡಿಯಾಗಿ ಕಾಣಲಾರದು. ಲೆಕ್ಕ ಹಾಕಿದರೆ, ಒಂದು ಕಿಲೋಮೀಟರ್ ದೂರದಲ್ಲಿ 30 ಸೆಂಟಿಮೀಟರಿಗಿಂತ ಚಿಕ್ಕದಾದುದು ಕಣ್ಣಿಗೆ ದಕ್ಕುವುದಿಲ್ಲ. ಐದು ಕಿಲೋಮೀಟರ್ ದೂರದ ಬೆಟ್ಟವಾದರೆ ಒಂದೂವರೆ ಮೀಟರಿನ ಬಂಡೆಯೂ ಮಾಯ! ಮುಳ್ಳುಕಂಟಿ, ಕೊರಕಲು, ಕಲ್ಲುಗುಂಡು ಎಲ್ಲವೂ ಕಲೆತು ಒಂದೇ ಬಣ್ಣದ ನಯವಾದ ಹೊದಿಕೆಯಂತೆ ಕಾಣುತ್ತವೆ. ಬೆಟ್ಟದ ಒರಟುತನ ತಿಳಿಯುವುದು ಅದನ್ನು ಹತ್ತಲು ಹೊರಟವನಿಗೆ ಮಾತ್ರ.

ಈ ನುಣುಪು-ಒರಟುಗಳ ಲೆಕ್ಕವನ್ನೇ ಬಂಡವಾಳ ಮಾಡಿಕೊಂಡ ಒಂದು ಹವ್ಯಾಸ ಯುರೋಪು, ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಅದು ಮೇಜಿನ ಮೇಲೆ ಆಡುವ ಯುದ್ಧದಾಟ, ಅಂದರೆ ವಾರ್‌ಗೇಮ್. ಬೆರಳಿನ ಗೆಣ್ಣಿನಷ್ಟು ಎತ್ತರದ ಸೈನಿಕರ ಗೊಂಬೆಗಳು, ದೂರ ಅಳೆಯಲು ಒಂದು ಪಟ್ಟಿ, ಅದೃಷ್ಟಕ್ಕೆ ದಾಳ, ಜಗಳವಾಗದಂತೆ ನಿಯಮಗಳ ಒಂದು ಪುಸ್ತಕ. ಇಷ್ಟು ಇದ್ದರೆ ಆಟ ಶುರು. ಆದರೆ ಚದುರಂಗದ ಹಾಗೆ ಇಲ್ಲಿ ಕಪ್ಪು-ಬಿಳಿ ಮನೆಗಳಿಲ್ಲ. ಅವುಗಳ ಬದಲು ದಿಣ್ಣೆ, ಹಳ್ಳ, ತೋಪು, ಹೊಲ, ಹಾದಿ ಎಲ್ಲವನ್ನೂ ಕಟ್ಟಿ ಬಣ್ಣ ಬಳಿದ ಒಂದು ಹಲಗೆ ಇರುತ್ತದೆ. ಅದಕ್ಕೆ ಟೆರೇನ್ ಬೋರ್ಡ್ ಎಂದು ಹೆಸರು. ಕನ್ನಡದಲ್ಲಿ ‘ನೆಲದ ಹಲಗೆ’ ಎಂದರೆ ಸಾಕು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆ ಸಾಮಾನ್ಯ. ಎರಡಡಿ ಚೌಕದ ತುಂಡುಗಳನ್ನು ಮಾಡಿಟ್ಟುಕೊಂಡು ಬೇಕೆಂದಾಗ ಜೋಡಿಸಿಕೊಳ್ಳುವವರೂ ಉಂಟು.

ಮಗ ಅಥವಾ ಮಗಳು ಥರ್ಮೋಕೋಲ್ ಚೂರು, ಮರಳು, ಅಂಟು ಹರಡಿಕೊಂಡು ಕೂತರೆ ಹೆತ್ತವರ ಮನಸ್ಸಿನಲ್ಲಿ ಎರಡು ಪ್ರಶ್ನೆ ಏಳುವುದು ಸಹಜ. ಇದರಿಂದ ಓದಿಗೇನು ಲಾಭ? ಅದಕ್ಕಿಂತ ಮುಖ್ಯವಾಗಿ, ಯುದ್ಧವನ್ನು ಆಟ ಮಾಡುವುದು ಸರಿಯೇ? ಎರಡಕ್ಕೂ ಉತ್ತರವನ್ನು ಹಲಗೆಯಲ್ಲೇ ಹುಡುಕಬೇಕು.

ಚದುರಂಗದ ಮನೆಯಿಂದ ಮಣ್ಣಿನ ಮೇಜಿಗೆ

ಚದುರಂಗದ ತವರು ಭಾರತ ಎಂಬುದು ಇತಿಹಾಸಕಾರರ ಸಾಮಾನ್ಯ ಒಪ್ಪಿಗೆ. ಆನೆ, ಕುದುರೆ, ರಥ, ಪದಾತಿಗಳ ಆ ಸೇನೆಯಲ್ಲಿ ಒಂದು ಕೊರತೆಯಿತ್ತು. ಅದರ ನೆಲ ಎಲ್ಲೆಲ್ಲೂ ಒಂದೇ ಸಮ. ಕುದುರೆ ಕೆಸರಿನಲ್ಲಿ ಹೂಳುವುದಿಲ್ಲ, ಕಾಲಾಳು ದಿಬ್ಬ ಹತ್ತಿ ಏದುಸಿರು ಬಿಡುವುದಿಲ್ಲ.

ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ ಗಣಿತ ಕಲಿಸುತ್ತಿದ್ದ ಯೋಹಾನ್ ಹೆಲ್ವಿಗ್ ಈ ಕೊರತೆಯನ್ನು ತುಂಬಲು ಯತ್ನಿಸಿದ. ಈತ ಕೀಟಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದ ನಿಸರ್ಗವಿಜ್ಞಾನಿಯೂ ಹೌದು. 1780ರಲ್ಲಿ ಪ್ರಕಟಿಸಿದ ತನ್ನ ಆಟದಲ್ಲಿ ಆತ ಮನೆಗಳ ಸಂಖ್ಯೆಯನ್ನು ಸಾವಿರಕ್ಕೂ ಮೇಲಕ್ಕೆ ಏರಿಸಿ, ನೆಲದ ಗುಣಕ್ಕೆ ತಕ್ಕಂತೆ ಒಂದೊಂದು ಮನೆಗೆ ಒಂದೊಂದು ಬಣ್ಣ ಕೊಟ್ಟ. ಬೆಟ್ಟಕ್ಕೊಂದು, ನೀರಿಗೊಂದು, ಜೌಗಿಗೊಂದು. ಆಟದ ಹಲಗೆಗೆ ಭೂಗೋಳ ಕಾಲಿಟ್ಟದ್ದು ಹೀಗೆ.

ಮುಂದಿನ ಹೆಜ್ಜೆ ಪ್ರಷ್ಯದ ಗೇಯಾರ್ಗ್ ಲಿಯೋಪೋಲ್ಡ್ ಫಾನ್ ರೈಸ್‌ವಿಟ್ಸ್ ಎಂಬಾತನದು. ಆತ ಮನೆಗಳನ್ನೇ ತೆಗೆದುಹಾಕಿದ. ಮೊದಲು ಒದ್ದೆ ಮರಳಿನಲ್ಲಿ ಬೆಟ್ಟ-ಕಣಿವೆಗಳನ್ನು ಮಾಡಿ ಆಡಿಸುತ್ತಿದ್ದ. ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ನೋಡಲು ಬಯಸಿದಾಗ, ರಾಜನ ಮುಂದೆ ಮರಳಿನ ಗುಡ್ಡೆ ಒಪ್ಪುವುದಿಲ್ಲವೆಂದು ಮರದ ಒಂದು ದೊಡ್ಡ ಮೇಜನ್ನೇ ಮಾಡಿಸಿದ. ಅದರ ಮೇಲೆ ಹೊಂದಿಸಲು ಗಾರೆಯಲ್ಲಿ ಎರಕ ಹೊಯ್ದು ಬಣ್ಣ ಬಳಿದ ನೆಲದ ಬಿಲ್ಲೆಗಳು. ಅವನ್ನು ಹೇಗೆ ಬೇಕಾದರೂ ಜೋಡಿಸಿ ಹೊಸ ಹೊಸ ಪ್ರದೇಶ ಮಾಡಬಹುದು. 1812ರಲ್ಲಿ ದೊರೆಗೆ ಒಪ್ಪಿಸಿದ ಆ ಮೇಜು ಬರ್ಲಿನ್ನಿನ ಷಾರ್ಲಟನ್‌ಬರ್ಗ್ ಅರಮನೆಯಲ್ಲಿ ಉಳಿದುಬಂದಿದೆ. ಹವ್ಯಾಸಿಗಳು ಜೋಡಿಸುವ ಎರಡಡಿ ಚೌಕಗಳಿಗೆ ಅದು ಮುತ್ತಜ್ಜ ಎನ್ನಬಹುದು.

ಸೇನಾಧಿಕಾರಿಗಳ ಕೊಠಡಿಯಿಂದ ಈ ಆಟವನ್ನು ಮನೆಗಳಿಗೆ ತಂದವರಲ್ಲಿ ಪ್ರಮುಖ ಎಚ್.ಜಿ. ವೆಲ್ಸ್. ವೈಜ್ಞಾನಿಕ ಕಾದಂಬರಿಗಳಿಂದ ಪ್ರಸಿದ್ಧನಾದ ಈತ ಪ್ರಾಣಿಶಾಸ್ತ್ರ ಓದಿದ ಪದವೀಧರ. ಕೆಲಕಾಲ ವಿಜ್ಞಾನ ಪಾಠ ಹೇಳಿದವನು. 1913ರಲ್ಲಿ ಹೊರಬಂದ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಆತ ನೆಲದ ಮೇಲೆ ಮರದ ತುಂಡು, ಹಲಗೆಗಳಿಂದ ಊರು, ಬೆಟ್ಟ ಕಟ್ಟಿ ಆಡುವ ನಿಯಮಗಳನ್ನು ಬರೆದ. ಆಟಿಕೆ ಸೈನಿಕರ ಈ ಪುಸ್ತಕದ ಕೊನೆಯಲ್ಲಿ ಆತ ವಾದಿಸಿದ್ದು ಯುದ್ಧದ ವಿರುದ್ಧ! ನಿಜವಾದ ಯುದ್ಧ ಎಷ್ಟು ದಡ್ಡತನದ, ಎಷ್ಟು ದುಬಾರಿಯ ಕೆಲಸ ಎಂಬುದು ಚಿಕ್ಕ ಯುದ್ಧವನ್ನು ಆಡಿ ನೋಡಿದರೆ ತಿಳಿಯುತ್ತದೆ ಎಂಬುದು ಅವನ ವಾದದ ಸಾರ. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ಸುಲ್ತಾನಪೇಟೆಯ ಕತ್ತಲು

ನೆಲದ ಹಲಗೆ ಏನು ಕಲಿಸುತ್ತದೆ ಎಂದು ತಿಳಿಯಲು ಹವ್ಯಾಸಿಗಳು ಮತ್ತೆ ಮತ್ತೆ ಕಟ್ಟುವ ಒಂದು ರಣಭೂಮಿಯನ್ನು ನೋಡೋಣ. ಅದು ಇಂದಿನ ಬೆಲ್ಜಿಯಂ ದೇಶದ ವಾಟರ್ಲೂ. 1815ರ ಜೂನ್ 18ರಂದು ಅಲ್ಲಿ ನೆಪೋಲಿಯನ್ ಸೋತ. ಗೆದ್ದ ಮಿತ್ರಸೇನೆಯ ನಾಯಕ ಡ್ಯೂಕ್ ಆಫ್ ವೆಲಿಂಗ್ಟನ್, ಅಂದರೆ ಆರ್ಥರ್ ವೆಲ್ಲೆಸ್ಲಿ. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಶ್ರೀರಂಗಪಟ್ಟಣದ ಆಡಳಿತಕ್ಕೆ ನೇಮಕವಾದವನು ಈತನೇ.

ಕೋಟೆ ಬೀಳುವ ಒಂದು ತಿಂಗಳ ಮೊದಲು, ಅದೇ ವರ್ಷದ ಏಪ್ರಿಲ್ 5ರ ರಾತ್ರಿ, ಈ ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆ ತೋಪಿಗೆ ನುಗ್ಗಲು ಹೋಗಿ ಮುಖಭಂಗ ಅನುಭವಿಸಿದ್ದ. ದಟ್ಟವಾದ ತೋಪು, ಅದರೊಳಗೆ ಅಡ್ಡಾದಿಡ್ಡಿ ಹರಿದ ನೀರಾವರಿ ಕಾಲುವೆಗಳು, ಮೇಲೆ ಕತ್ತಲು. ಟಿಪ್ಪುವಿನ ಸೈನಿಕರಿಗೆ ಪ್ರತಿ ಬದುವೂ ಗೊತ್ತಿತ್ತು. ಬಂದವರಿಗೆ ಒಂದೂ ಗೊತ್ತಿರಲಿಲ್ಲ. ದಾಳಿ ಚೆದುರಿಹೋಯಿತು. ಮರುದಿನ ಹಗಲು ಬೆಳಕಿನಲ್ಲಿ, ಹೆಚ್ಚಿನ ಬಲದೊಡನೆ ಹೋದಾಗಲೇ ತೋಪು ಕೈಗೆ ಸಿಕ್ಕಿದ್ದು. ಹಗಲಿನಲ್ಲಿ ನೋಡಿ ತಿಳಿಯದ ಬಲವಾದ ನೆಲೆಯ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡಬಾರದು ಎಂದು ಆತ ನಿಶ್ಚಯಿಸಿದ್ದು ಈ ಅನುಭವದಿಂದ.

ಹದಿನಾರು ವರ್ಷಗಳ ಬಳಿಕ ವಾಟರ್ಲೂವಿನಲ್ಲಿ ನೆಲವನ್ನು ಮುಂಚಿತವಾಗಿ ನೋಡಿ ಆರಿಸಿಕೊಂಡವನು ಅವನೇ. ಅಲ್ಲಿರುವುದು ಬೆಟ್ಟವಲ್ಲ, ಒಂದು ಉದ್ದನೆಯ ತಗ್ಗು ದಿಣ್ಣೆ. ಆತ ಸೇನೆಯ ಬಹುಭಾಗವನ್ನು ಅದರ ನೆತ್ತಿಯ ಮೇಲೆ ನಿಲ್ಲಿಸದೆ ಹಿಂದಿನ ಇಳಿಜಾರಿನಲ್ಲಿ ಅಡಗಿಸಿದ. ಎದುರಿನ ಫ್ರೆಂಚ್ ಫಿರಂಗಿಗಳಿಗೆ ಗುರಿ ಕಾಣಲಿಲ್ಲ. ಹಿಂದಿನ ದಿನವೂ ರಾತ್ರಿಯೂ ಸುರಿದ ಮಳೆಯಿಂದ ನೆಲ ಕೆಸರಾಗಿತ್ತು. ಗಟ್ಟಿ ನೆಲಕ್ಕೆ ಬಿದ್ದ ಕಬ್ಬಿಣದ ಗುಂಡು ಚೆಂಡಿನಂತೆ ಪುಟಿಯುತ್ತ ಸಾಲು ಸಾಲನ್ನೇ ಕೆಡವುತ್ತಿತ್ತು. ಕೆಸರಿಗೆ ಬಿದ್ದದ್ದು ಅಲ್ಲೇ ಹೂತುಹೋಗುತ್ತಿತ್ತು. ನೆಪೋಲಿಯನ್ ಮಧ್ಯಾಹ್ನದ ಸಮೀಪದವರೆಗೆ ಕದನ ಆರಂಭಿಸದಿರಲು ಇದ್ದ ಕಾರಣಗಳಲ್ಲಿ ಈ ಕೆಸರೂ ಒಂದು. ಹೊಲಗಳಲ್ಲಿ ಆಳೆತ್ತರಕ್ಕೆ ಬೆಳೆದು ನಿಂತ ರೈ ಎಂಬ ಧಾನ್ಯದ ಪೈರಿತ್ತು. ಅದು ಎರಡೂ ಕಡೆಯವರ ಕಣ್ಣಿಗೆ ಪರದೆ ಕಟ್ಟಿತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಇಳಿಜಾರು, ಕೆಸರು, ಪೈರು ಇವು ಅಲಂಕಾರವಲ್ಲ. ಅವೇ ಘಟನೆಯ ಅರ್ಧಭಾಗ. ಆದ್ದರಿಂದ ನೆಲದ ಹಲಗೆಯ ಮೇಲಿನ ಒರಟು, ನುಣುಪು, ಬಣ್ಣ ಯಾವುದೂ ಕೇವಲ ಚಂದಕ್ಕಾಗಿ ಇರಬಾರದು. ಒಂದೊಂದು ಅಂಗುಲವೂ ‘ಇಲ್ಲಿ ಕಾಲಿಟ್ಟವನಿಗೆ ಏನಾಗುತ್ತದೆ?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು.

ಮೂರು ಅಳತೆಗಳ ತಂಟೆ

ಹಲಗೆ ಕಟ್ಟಲು ಹೊರಟವರಿಗೆ ಮೊದಲು ಎದುರಾಗುವುದು ಅನುಪಾತದ ಲೆಕ್ಕ. ವಾಟರ್ಲೂವಿನಲ್ಲಿ ಸೇನೆಗಳ ಸಾಲು ಹರಡಿದ್ದು ಸುಮಾರು ನಾಲ್ಕೂವರೆ ಕಿಲೋಮೀಟರ್ ಎಂದುಕೊಳ್ಳೋಣ. ಆರಡಿ ಹಲಗೆ ಎಂದರೆ 1.8 ಮೀಟರ್. 4,500 ಮೀಟರನ್ನು 1.8ರಿಂದ ಭಾಗಿಸಿದರೆ 2,500. ಅಂದರೆ ನೆಲದ ಅಳತೆ 2,500ಕ್ಕೆ 1.

ಗೊಂಬೆಗಳ ಅಳತೆ ಬೇರೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸೈನಿಕರಲ್ಲಿ 72ಕ್ಕೆ 1 ಎಂಬ ಅಳತೆ ಬಹಳ ಬಳಕೆಯದು. ಆ ಲೆಕ್ಕದಲ್ಲಿ ಸಾಧಾರಣ ಎತ್ತರದ ಮನುಷ್ಯ 24 ಮಿಲಿಮೀಟರ್. ನೆಲವನ್ನೂ ಇದೇ ಅಳತೆಯಲ್ಲಿ ಮಾಡಹೊರಟರೆ 62 ಮೀಟರ್ ಉದ್ದದ ಮೇಜು ಬೇಕಾಗುತ್ತದೆ! ಮನೆಗಳದ್ದೂ ಇದೇ ಪಾಡು. 40 ಮೀಟರ್ ಉದ್ದದ ತೋಟದ ಮನೆಯನ್ನು ಗೊಂಬೆಯ ಅಳತೆಗೆ ಕಟ್ಟಿದರೆ ಅದು 55 ಸೆಂಟಿಮೀಟರ್ ಆಗಿ, ನೆಲದ ಅಳತೆಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಜಾಗ ನುಂಗಿಬಿಡುತ್ತದೆ. ಅದಕ್ಕೇ ಮನೆಯನ್ನು ಕುಗ್ಗಿಸಿ, ಒಂದು ಗೊಂಬೆ 50 ಸೈನಿಕರಿಗೆ ಸಮ ಎಂಬಂಥ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ.

ಮೂರನೆಯದು ಎತ್ತರದ ಅಳತೆ. 20 ಮೀಟರ್ ಎತ್ತರದ ದಿಣ್ಣೆ 2,500ಕ್ಕೆ 1ರಂತೆ ಬರೀ 8 ಮಿಲಿಮೀಟರ್. ಅದರ ಹಿಂದೆ 24 ಮಿಲಿಮೀಟರಿನ ಗೊಂಬೆಯನ್ನು ನಿಲ್ಲಿಸಿದರೆ ತೊಡೆಯಿಂದ ಮೇಲೆ ಎಲ್ಲವೂ ಕಾಣುತ್ತದೆ. ವೆಲಿಂಗ್ಟನ್ನನ ಉಪಾಯ ಮೇಜಿನ ಮೇಲೆ ಮಣ್ಣುಪಾಲು! ಇದಕ್ಕೆ ಪರಿಹಾರವೆಂದರೆ ದಿಣ್ಣೆಗಳ ಎತ್ತರವನ್ನು ಮೂರು ನಾಲ್ಕು ಪಟ್ಟು ಹೆಚ್ಚಿಸುವುದು. ಎಲ್ಲ ಎತ್ತರಗಳನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ನೇರ ಗೆರೆ ನೇರವಾಗಿಯೇ ಉಳಿಯುತ್ತದೆ ಎಂಬುದು ರೇಖಾಗಣಿತದ ಸಂಗತಿ. ಆದ್ದರಿಂದ ಯಾವ ದಿಣ್ಣೆ ಯಾವುದನ್ನು ಮರೆಮಾಡುತ್ತದೆ ಎಂಬುದು ಬದಲಾಗದು. ಇಳಿಜಾರು ಮಾತ್ರ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ. ಅಷ್ಟನ್ನು ಆಡುವವರು ನೆನಪಿಟ್ಟುಕೊಳ್ಳಬೇಕು.

ಇದನ್ನು ಪರೀಕ್ಷಿಸುವುದು ಸುಲಭ. ಕೋಣೆಯನ್ನು ಕತ್ತಲು ಮಾಡಿ, ಹಲಗೆಯ ಒಂದು ತುದಿಯಲ್ಲಿ ಫಿರಂಗಿ ಇರುವ ಜಾಗದಲ್ಲಿ ಪುಟ್ಟ ಟಾರ್ಚನ್ನು ನೆಲಮಟ್ಟಕ್ಕೆ ಹಿಡಿಯಬೇಕು. ಬೆಳಕು ಬಿದ್ದದ್ದೆಲ್ಲ ಫಿರಂಗಿಯವನಿಗೆ ಕಾಣುವ ಜಾಗ. ನೆರಳೆಲ್ಲ ಅವನಿಗೆ ಕಾಣದ ಜಾಗ. ಬೆಳಕು ನೇರವಾಗಿ ಚಲಿಸುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೇ?

ಕಟ್ಟುವ ಬಗೆ

ಕೆಲಸ ಶುರುವಾಗುವುದು ನಕಾಶೆಯಿಂದ. ಸಮಾನ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿಕೊಳ್ಳಬೇಕು. ಪ್ರತಿ ರೇಖೆಗೆ ಒಂದು ಹಾಳೆ ಥರ್ಮೋಕೋಲ್ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಪೇರಿಸಿ ಅಂಟಿಸಬೇಕು. ಆಗ ಸಿಗುವುದು ಮೆಟ್ಟಿಲು ಮೆಟ್ಟಿಲಾದ ಗುಡ್ಡ. ಮೆಟ್ಟಿಲುಗಳ ಅಂಚನ್ನು ಚಾಕುವಿನಿಂದ ಓರೆಯಾಗಿ ಕೊಯ್ದು, ಸಂದುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದರೆ ಇಳಿಜಾರು ಸಿದ್ಧ. ರೇಖೆಗಳು ಒತ್ತಾಗಿದ್ದರೆ ಕಡಿದು, ದೂರ ಇದ್ದರೆ ಇಳಿಜಾರು ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅದರ ಅರ್ಥ ಈಗ ಬೆರಳಿಗೆ ತಗಲುತ್ತದೆ. ಗಾರೆ ಗಟ್ಟಿಯಾಗುವಾಗ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಜಿಪ್ಸಂ ಕಲ್ಲನ್ನು ಕಾಯಿಸಿ ತೆಗೆದಿದ್ದ ನೀರು ಮತ್ತೆ ಹರಳಿನೊಳಗೆ ಸೇರುತ್ತಿದೆ. ಆಗ ಪಡೆದಿದ್ದ ಶಾಖ ಈಗ ಹೊರಬರುತ್ತಿದೆ.

ಥರ್ಮೋಕೋಲ್ ಎಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್. ಒತ್ತಿ ತೆಗೆದ ನುಣುಪು ಫೋಮ್ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಕಾಳು ಕಾಳಾಗಿ ಉದುರುವುದಿಲ್ಲ. ಎರಡಕ್ಕೂ ಒಂದು ವೈರಿಯಿದೆ. ಪೆಟ್ರೋಲು, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್, ಡಬ್ಬಿಯಿಂದ ಚಿಮ್ಮಿಸುವ ಎಷ್ಟೋ ಬಣ್ಣಗಳು ಇದನ್ನು ಕರಗಿಸಿಬಿಡುತ್ತವೆ. ಒಂದು ವಾರದ ಗುಡ್ಡ ಒಂದು ನಿಮಿಷದಲ್ಲಿ ಗುಂಡಿಯಾಗುತ್ತದೆ. ಆದ್ದರಿಂದ ನೀರಿನಲ್ಲಿ ಬೆರೆಯುವ ಅಂಟು, ನೀರಿನಲ್ಲಿ ಬೆರೆಯುವ ಬಣ್ಣ ಇವೇ ಸರಿ. ಬಡಗಿಗಳು ಬಳಸುವ ಫೆವಿಕಾಲಿನಂಥ ಬಿಳಿ ಅಂಟು ಸಾಕು. ಕಾದ ತಂತಿಯಿಂದ ಫೋಮ್ ಕತ್ತರಿಸುವುದಾದರೆ ಹೊಗೆ ಬರುತ್ತದೆ. ಅದು ಉಸಿರಿಗೆ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ದೊಡ್ಡವರು ಜೊತೆಯಲ್ಲಿರಬೇಕು. ಉಜ್ಜುವಾಗ ಏಳುವ ಪುಡಿಗೆ ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಬೇಕು.

ಇನ್ನು ನೆಲದ ಚರ್ಮ. ಅಂಟು ಬಳಿದು ಮೇಲೆ ಮರಳು ಉದುರಿಸುವುದು ರೂಢಿ. ಆದರೆ ಯಾವ ಮರಳು? ಅರ್ಧ ಮಿಲಿಮೀಟರಿನ ಕಾಳು 72ಕ್ಕೆ 1ರ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿ. ಅದೇ ಕಾಳು 2,500ಕ್ಕೆ 1ರಲ್ಲಿ ಒಂದೂಕಾಲು ಮೀಟರಿನ ಬಂಡೆ! ಜರಡಿ ಹಿಡಿಯದ ಮರಳು ಉಳುವ ಹೊಲವನ್ನು ಬಂಡೆಗಳ ರಾಶಿಯಾಗಿ ಮಾಡುತ್ತದೆ. ಆದ್ದರಿಂದ ಹೊಲಕ್ಕೆ ತೆಳುಬಟ್ಟೆಯಲ್ಲಿ ಸೋಸಿದ ಹುಡಿ, ಹಳ್ಳದ ಪಾತ್ರಕ್ಕೆ ತುಸು ದಪ್ಪ, ಬಂಡೆಗೆ ಮಾತ್ರ ಹರಳು. ಮರಳು ಕೂತ ಮೇಲೆ ಒಂದು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ ಮೇಲಿನಿಂದ ತೊಟ್ಟಿಕ್ಕಿಸಬೇಕು. ಆಗ ಒಂದು ತೊಂದರೆ ಕಾಣುತ್ತದೆ. ಹನಿಗಳು ಮುತ್ತಿನಂತೆ ಉರುಳುತ್ತವೆಯೇ ಹೊರತು ಒಳಕ್ಕೆ ಇಳಿಯುವುದಿಲ್ಲ. ಅದು ನೀರಿನ ಮೇಲ್ಮೈ ಎಳೆತದ ಆಟ. ಪಾತ್ರೆ ತೊಳೆಯುವ ಸೋಪಿನ ದ್ರಾವಣ ಎರಡು ಹನಿ ಹಾಕಿದರೆ ಎಳೆತ ಸಡಿಲಿ, ಅಂಟು ಮರಳಿನ ಸಂದುಗಳಿಗೆಲ್ಲ ಇಳಿಯುತ್ತದೆ.

ಒಂದು ರಾತ್ರಿ ಒಣಗಿದ ಮೇಲೆ ಹಲಗೆ ಹಪ್ಪಳದಂತೆ ಸೊಟ್ಟಗಾಗುವುದುಂಟು. ಅಂಟಿನಲ್ಲಿದ್ದ ನೀರು ಆರಿದಂತೆ ಮೇಲಿನ ಪದರ ಕುಗ್ಗಿ ಹಲಗೆಯನ್ನು ತನ್ನತ್ತ ಎಳೆಯುವುದೇ ಇದಕ್ಕೆ ಕಾರಣ. ಅಡಿಯಲ್ಲಿ ದಪ್ಪ ಪ್ಲೈವುಡ್ ಇಟ್ಟು, ಬೆನ್ನಿಗೂ ಒಂದು ಪದರ ಅಂಟು ಬಳಿದರೆ ಎರಡು ಕಡೆಯ ಎಳೆತ ಸರಿದೂಗುತ್ತದೆ.

ಕತ್ತಲಿನಿಂದ ಬೆಳಕಿಗೆ

ಬಣ್ಣ ಬಳಿಯುವ ಕ್ರಮ ಹೊಸಬರಿಗೆ ವಿಚಿತ್ರವೆನಿಸುತ್ತದೆ. ಮೊದಲು ಇಡೀ ಹಲಗೆಗೆ ಕಡುಗಂದು, ಹೆಚ್ಚುಕಡಿಮೆ ಕಪ್ಪು. ಅದು ಆರಿದ ಮೇಲೆ ಮಧ್ಯಮ ಕಂದು, ಆದರೆ ಸಂದುಗೊಂದುಗಳಿಗೆ ಇಳಿಯದಂತೆ. ಕೊನೆಗೆ ಒಣ ಬ್ರಷ್ಷಿನ ಕೆಲಸ. ಬ್ರಷ್ಷನ್ನು ತಿಳಿಬಣ್ಣದಲ್ಲಿ ಅದ್ದಿ, ಬಣ್ಣವೆಲ್ಲ ಹೋಗಿಯೇಬಿಟ್ಟಿತು ಎನ್ನುವಷ್ಟು ಚಿಂದಿಬಟ್ಟೆಗೆ ಒರೆಸಿ, ನೆಲದ ಮೇಲೆ ಹಗುರವಾಗಿ ಸವರಬೇಕು. ಬಣ್ಣ ಮರಳಿನ ನೆತ್ತಿಗಳಿಗೆ ಮಾತ್ರ ಹತ್ತುತ್ತದೆ. ಅದುವರೆಗೆ ಸತ್ತಂತಿದ್ದ ಹಲಗೆ ಒಮ್ಮೆಲೇ ಬಿಸಿಲು ಬಿದ್ದ ನೆಲವಾಗುತ್ತದೆ.

ಇದರ ಗುಟ್ಟು ಬೆಳಕಿನಲ್ಲಿದೆ. ಹೊರಗೆ ಬಿಸಿಲು ಒಂದೇ ದಿಕ್ಕಿನಿಂದ ಬೀಳುತ್ತದೆ. ಏರುಗಳು ಬೆಳಗಿ ತಗ್ಗುಗಳು ಕಪ್ಪಾಗುತ್ತವೆ. ಕಣ್ಣು ಒರಟುತನವನ್ನು ಗುರುತಿಸುವುದೇ ಈ ನೆರಳಿನಿಂದ. ಕೋಣೆಯಲ್ಲಿ ಟ್ಯೂಬ್‌ಲೈಟಿನ ಬೆಳಕು ಹಲವು ಕಡೆಯಿಂದ ಬಂದು ಅರ್ಧ ಮಿಲಿಮೀಟರಿನ ಕಾಳಿನ ನೆರಳನ್ನು ಅಳಿಸಿಹಾಕುತ್ತದೆ. ಕಳೆದುಹೋದ ಆ ನೆರಳನ್ನು ಬಣ್ಣದಲ್ಲಿ ಮರಳಿ ಕೊಡುವುದೇ ಈ ವಿಧಾನ. ಇನ್ನೊಂದು ಮಾತು. ದೂರದ ಬೆಟ್ಟ ನುಣ್ಣಗೆ ಮಾತ್ರವಲ್ಲ, ಮಾಸಲಾಗಿಯೂ ಕಾಣುತ್ತದೆ; ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ಹಲಗೆಯನ್ನು ನೋಡುವವನು ದೂರದಿಂದ ನೆಲವನ್ನು ನೋಡುವವನಂತೆಯೇ. ಆದ್ದರಿಂದ ಬಣ್ಣಗಳು ನಿಜಕ್ಕಿಂತ ಒಂದು ಕಳೆ ತಿಳಿಯಾಗಿದ್ದರೆ ಒಪ್ಪುತ್ತದೆ.

ಹುಲ್ಲಿಗೆ ಬಣ್ಣ ಕಟ್ಟಿದ ಮರದ ಹೊಟ್ಟು, ಬೇಲಿಗೆ ತೆಂಗಿನ ನಾರು, ಮರಕ್ಕೆ ಒಣಗಿದ ಕಂಟಿಯ ಕವಲು. ಅಂಗಡಿಯ ನೈಲಾನ್ ಹುಲ್ಲನ್ನು ನೆಡಲು ಸ್ಥಿರವಿದ್ಯುತ್ತನ್ನು ಬಳಸುತ್ತಾರೆ. ಬಾಚಣಿಗೆಗೆ ಕೂದಲು ಸೆಟೆದು ನಿಲ್ಲುವಂತೆ, ಆವೇಶಗೊಂಡ ಎಳೆಗಳು ಒದ್ದೆ ಅಂಟಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ದಸರೆಯ ಗೊಂಬೆಗಳ ಮುಂದೆ ರಾಗಿ ಬಿತ್ತಿ ಹಸಿರು ತೋಟ ಮಾಡುವ ಮನೆಗಳಿಗೆ ಈ ಕಲೆ ಪೂರ್ತಿ ಅಪರಿಚಿತವೇನಲ್ಲ.

ಸಿಬೋರ್ನನ ಹಲಗೆ

ವಾಟರ್ಲೂವಿನ ಎಲ್ಲ ಹಲಗೆಗಳಿಗೂ ಹಿರಿಯದು ವಿಲಿಯಂ ಸಿಬೋರ್ನ್ ಎಂಬ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಮಾಡಿದ್ದು. ಅದು ಆಟಕ್ಕಲ್ಲ, ಪ್ರದರ್ಶನಕ್ಕೆ. 1830ರಲ್ಲಿ ಸೇನೆಯ ಮುಖ್ಯಸ್ಥರು ಅವನಿಗೆ ಈ ಕೆಲಸ ಒಪ್ಪಿಸಿದರು. ಆತ ರಣಭೂಮಿಯ ನಡುವಿನ ಲಾ ಹೇ ಸಾಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಬಿಡಾರ ಹೂಡಿ ನೆಲವನ್ನು ಅಳೆದ. ಅಷ್ಟರಲ್ಲಿ ನೆಲವೇ ಬದಲಾಗಿತ್ತು. 1826ರಲ್ಲಿ ಮುಗಿದ ಸ್ಮಾರಕದ ಭಾರಿ ದಿಬ್ಬಕ್ಕಾಗಿ ದಿಣ್ಣೆಯ ಒಂದು ಭಾಗದ ಮಣ್ಣನ್ನೇ ಕೆರೆದು ಒಯ್ದಿದ್ದರು. ಹೋದ ನೆಲವನ್ನು ಆತ ವಿಚಾರಿಸಿ ವಿಚಾರಿಸಿ ಮರಳಿ ಕಟ್ಟಬೇಕಾಯಿತು.

ಕದನದಲ್ಲಿ ಬದುಕುಳಿದ ಅಧಿಕಾರಿಗಳಿಗೆ ಆತ ಪತ್ರಗಳನ್ನು ಬರೆದ. ಸಂಜೆ ಏಳು ಗಂಟೆಯ ಸುಮಾರಿಗೆ ನಿಮ್ಮ ದಳ ಎಲ್ಲಿತ್ತು, ಎದುರಿಗೆ ಯಾರಿದ್ದರು, ನಿಮ್ಮ ಸುತ್ತ ಹೊಲದಲ್ಲಿ ಯಾವ ಬೆಳೆಯಿತ್ತು ಎಂದು ವಿಚಾರಿಸಿದ. ನೂರಾರು ಉತ್ತರಗಳು ಬಂದವು. 600ಕ್ಕೆ 1ರ ಸಮೀಪದ ಅಳತೆಯಲ್ಲಿ, ಸುಮಾರು 400 ಚದರಡಿಯ ಹಲಗೆ ಸಿದ್ಧವಾಯಿತು. ಅದರ ಮೇಲೆ 70 ಸಾವಿರಕ್ಕೂ ಹೆಚ್ಚು ಲೋಹದ ಗೊಂಬೆಗಳು. ಗೊಂಬೆಗಳ ಅಳತೆ 180ಕ್ಕೆ 1. ಅಷ್ಟು ಕಟ್ಟುನಿಟ್ಟಿನವನಿಗೂ ಎರಡು ಅಳತೆ ತಪ್ಪಲಿಲ್ಲ, ನೋಡಿ.

ನಡುವೆ 1833ರಲ್ಲಿ ಸರ್ಕಾರ ಹಣ ನಿಲ್ಲಿಸಿತು. ಆತ ಸಾಲ ಮಾಡಿ ಮುಂದುವರಿದ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಉತ್ತರಗಳನ್ನೆಲ್ಲ ಜೋಡಿಸಿದಾಗ, ವೆಲಿಂಗ್ಟನ್ನನ ನೆರವಿಗೆ ಬಂದ ಪ್ರಷ್ಯನ್ನರು ಆ ಹೊತ್ತಿಗಾಗಲೇ ದೊಡ್ಡ ಸಂಖ್ಯೆಯಲ್ಲಿ ಕಣದೊಳಗಿದ್ದರು ಎಂದು ಅವನಿಗೆ ಕಂಡಿತು. ಹಾಗೆಯೇ ಗೊಂಬೆ ನಿಲ್ಲಿಸಿದ. ಇದು ವೆಲಿಂಗ್ಟನ್ನನಿಗೂ ಅವನ ಬಳಗಕ್ಕೂ ಹಿಡಿಸಲಿಲ್ಲ; ಗೆಲುವಿನ ಪಾಲು ಬೇರೆಯವರಿಗೆ ಹೆಚ್ಚಾಗಿ ಹೋದಂತೆ ಕಾಣುತ್ತಿತ್ತು. ಕೊನೆಗೆ ಸಿಬೋರ್ನ್ ಸಾವಿರಾರು ಪ್ರಷ್ಯನ್ ಗೊಂಬೆಗಳನ್ನು ತೆಗೆದುಬಿಟ್ಟ. ಒತ್ತಡಕ್ಕೆ ಮಣಿದನೋ, ಸಾಕ್ಷ್ಯ ಮತ್ತೆ ತೂಗಿ ಮನಸ್ಸು ಬದಲಿಸಿದನೋ ಎಂಬುದನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಿದ್ದಾರೆ.

1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನ ನಡೆದಾಗ ಸುಮಾರು ಒಂದು ಲಕ್ಷ ಜನ ಬಂದು ನೋಡಿದರು. ಸಾಲ ಮಾತ್ರ ತೀರಲಿಲ್ಲ. 1849ರಲ್ಲಿ ಆತ ತೀರಿಕೊಂಡ. ಹಲಗೆ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅವನಿಗೆ ಬಂದ ಪತ್ರಗಳ ಒಂದು ಭಾಗವನ್ನು ಅವನ ಮಗ 1891ರಲ್ಲಿ ಪ್ರಕಟಿಸಿದ. ತೆಗೆದ ಗೊಂಬೆಗಳು ಹೋದರೂ ವಿಚಾರಿಸಿ ಪಡೆದ ಉತ್ತರಗಳು ಉಳಿದವು. ವಾಟರ್ಲೂ ಬಗ್ಗೆ ಬರೆಯುವವರು ಇಂದೂ ಅವುಗಳತ್ತ ತಿರುಗುತ್ತಾರೆ.

ಹೆತ್ತವರ ಎರಡನೆಯ ಪ್ರಶ್ನೆ

ಮೊದಲ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಸಿಕ್ಕಿರಬೇಕು. ಅನುಪಾತ, ಸಮೋನ್ನತಿ ರೇಖೆ, ಬೆಳಕು, ಮೇಲ್ಮೈ ಎಳೆತ, ದ್ರಾವಕಗಳು, ಸ್ಥಿರವಿದ್ಯುತ್ತು ಇಷ್ಟನ್ನೂ ಒಂದೇ ಮೇಜಿನ ಮೇಲೆ ಕಲಿಸುವ ಪ್ರಯೋಗಶಾಲೆ ಸುಲಭಕ್ಕೆ ಸಿಗುವುದಿಲ್ಲ. ‘ಇಲ್ಲಿ ಏನಿತ್ತು? ಹೇಗೆ ಗೊತ್ತು?’ ಎಂದು ವಿಚಾರಿಸುವ ಅಭ್ಯಾಸವಂತೂ ಯಾವ ಪಾಠಕ್ಕೂ ಬೇಕಾದದ್ದೇ.

ಎರಡನೆಯ ಪ್ರಶ್ನೆ ಗಂಭೀರವಾದದ್ದು. ಗೊಂಬೆಗೆ ರಕ್ತವಿಲ್ಲ. ಆಟ ಮುಗಿದ ಮೇಲೆ ಸತ್ತವರೆಲ್ಲ ಎದ್ದು ಡಬ್ಬಿಗೆ ಹೋಗುತ್ತಾರೆ. ಇದರಿಂದ ಮಗು ಯುದ್ಧವನ್ನು ಹಗುರವಾಗಿ ಕಂಡೀತೇ ಎಂಬ ಆತಂಕ ತಪ್ಪಲ್ಲ. ಇದಕ್ಕೊಂದು ಉಪಾಯವುಂಟು. ಹಲಗೆಯಿಂದ ಎತ್ತಿದ ಪ್ರತಿ ಗೊಂಬೆಯ ಲೆಕ್ಕ ಬರೆದಿಡಲು, ಕೊನೆಗೆ ಆ ಸಂಖ್ಯೆಯನ್ನು 50ರಿಂದ ಗುಣಿಸಲು ಹೇಳಬೇಕು. 30 ಗೊಂಬೆ ಎತ್ತಿದ್ದರೆ 1,500 ಮಂದಿ. ವಾಟರ್ಲೂವಿನ ಆ ಒಂದೇ ದಿನ, ಕೆಲವೇ ಚದರ ಕಿಲೋಮೀಟರ್ ನೆಲದಲ್ಲಿ, ಸತ್ತವರೂ ಗಾಯಗೊಂಡವರೂ ಸೇರಿ 40 ಸಾವಿರಕ್ಕಿಂತ ಹೆಚ್ಚು. ಆ ಪೈರು ಬೆಳೆದಿದ್ದ ರೈತನ ವರ್ಷದ ಅನ್ನ ಕಾಲ್ತುಳಿತಕ್ಕೆ ಹೋಯಿತು. ಬೆಳೆಯನ್ನು ತನ್ನ ಕೈಯಾರೆ ಎಳೆ ಎಳೆಯಾಗಿ ನೆಟ್ಟ ಮಗುವಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ದೂರದಿಂದ ಯುದ್ಧವೂ ನುಣ್ಣಗೆ ಕಾಣುತ್ತದೆ. ಹತ್ತಿರ ತಂದು ತೋರಿಸುವುದು ಹಿರಿಯರ ಕೆಲಸ.

ಗೊಂಬೆಗಳು ಬೇಡವೆನ್ನುವವರು ಅವನ್ನು ಪಕ್ಕಕ್ಕಿಟ್ಟರೂ ಹಲಗೆ ಹಲಗೆಯೇ. ಸರ್ವೆ ಆಫ್ ಇಂಡಿಯಾದ 50,000ಕ್ಕೆ 1ರ ನಕಾಶೆಯಲ್ಲಿ ಹೆಚ್ಚಿನ ಊರುಗಳ ಏರುತಗ್ಗು ಸಮೋನ್ನತಿ ರೇಖೆಗಳಲ್ಲಿ ಸಿಗುತ್ತದೆ. ಊರಿನ ಕೆರೆ, ಅದರ ಏರಿ, ಕೆರೆಗೆ ನೀರು ತರುವ ಹಳ್ಳ ಇಷ್ಟನ್ನೇ ಎರಡಡಿ ಚೌಕದಲ್ಲಿ ಕಟ್ಟಬಹುದು. ಬಣ್ಣ ಮಾತ್ರ ವಿದೇಶದ ಪುಸ್ತಕದಲ್ಲಿರುವ ಹಸಿರು ಬೇಡ. ಮೈಸೂರು ಸೀಮೆಯ ಕೆಮ್ಮಣ್ಣಾಗಲಿ, ಧಾರವಾಡದ ಕಡೆಯ ಎರೆಮಣ್ಣಾಗಲಿ, ಒಂದು ಹಿಡಿ ತಂದು ಪಕ್ಕದಲ್ಲಿಟ್ಟುಕೊಂಡು ಅದಕ್ಕೆ ಹೊಂದುವಂತೆ ಕಲಸಬೇಕು. ಅಳತೆ ಗೊತ್ತಿಲ್ಲದ ಕಡೆ ಊಹಿಸದೆ ಕಾಲಿನಲ್ಲಿ ನಡೆದು ಎಣಿಸಿ ಬರಬೇಕು. ಕೆರೆಯ ಕೋಡಿ ಮೊದಲು ಎಲ್ಲಿತ್ತು, ಹಳ್ಳ ಯಾವಾಗ ಮುಚ್ಚಿತು ಎಂದು ಊರಿನ ಹಿರಿಯರನ್ನು ಕೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ತಾಳೆ ನೋಡಬೇಕು. ಮುಂದಿನ ರಜೆಗೆ ಇಷ್ಟು ಕೆಲಸ ಧಾರಾಳವಾಗಿ ಸಾಕು.